ಫೋರ್ಡಿನ ಮೈಗೆ ಷೆವಿಯ ಎದೆ

1932ರ ಫೋರ್ಡಿಗೆ ಷೆವರ್ಲೆ (ಮುದ್ದಿಗೆ ಷೆವಿ) ಎಂಜಿನ್ ಕೂರಿಸುವುದು, ಹಳೇ ಕಾರನ್ನು ಬಿಚ್ಚಿ ವೇಗಕ್ಕೆಂದು ಮರಳಿ ಕಟ್ಟುವ ಅಮೆರಿಕದ ಹಾಟ್ ರಾಡ್ ಮಂದಿಯ ಹಳೇ ಚಟ. ಆ ವರ್ಷ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ನನ್ನು ಜನಸಾಮಾನ್ಯರ ಬೆಲೆಗೆ ಕೊಟ್ಟಿತ್ತು. ಕ್ಯಾಲಿಫೋರ್ನಿಯಾದ ಹುಡುಗರು ಅದರ ಮಡ್‌ಗಾರ್ಡು ಕಿತ್ತೆಸೆದು ಮ್ಯೂರಾಕ್‌ನ ಒಣಕೆರೆಯಲ್ಲಿ ಧೂಳೆಬ್ಬಿಸಿದರು. 1955ರಲ್ಲಿ ಷೆವರ್ಲೆಯವರು ಪುಟ್ಟದಾದ, ಹಗುರವಾದ ಇನ್ನೊಂದು ವಿ8 ತಂದರು ನೋಡಿ, ಫೋರ್ಡ್ ನಿಷ್ಠೆಯೆಲ್ಲ ಗಾಳಿಗೆ ಹೋಯಿತು. ಅಂದಿನಿಂದ ಈ ಅಂತರ್ಜಾತಿ ಮದುವೆ ಮನೆ ಗ್ಯಾರೇಜುಗಳಲ್ಲಿ ನಡೆದೇ ಇದೆ. ಎರಡೂ ಕಡೆಯವರು ಒಪ್ಪಿದ್ದಾರೆ, ತಕರಾರೇನಿದ್ದರೂ ಅಳತೆಯದ್ದು.

ಮೊದಲ ತಕರಾರು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನದು. ಷೆವಿ ಎಂಜಿನ್ನಿನಲ್ಲಿ ಅದು ಹಿಂಭಾಗದಲ್ಲಿದೆ. ಎಂಜಿನ್ ಹಿಂದಕ್ಕೆ ಸರಿಸಿದರೆ ಅದು ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಗೆ, ಅಂದರೆ ಫೈರ್‌ವಾಲಿಗೆ ತಾಗುತ್ತದೆ, ಮುಂದಕ್ಕೆ ಸರಿಸಿದರೆ ಫ್ಯಾನು ರೇಡಿಯೇಟರನ್ನು ಕೆರೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಉಪಾಯಗಳು ಎರಡು: ಗಿಡ್ಡ ವಾಟರ್ ಪಂಪು ಹಾಕಿದರೆ ಮುಂದುಗಡೆ ಇಂಚಿಗೂ ಹೆಚ್ಚು ಜಾಗ ಸಿಗುತ್ತದೆ, ಅದೂ ಸಾಲದಿದ್ದರೆ ಫೈರ್‌ವಾಲ್ ಕತ್ತರಿಸಿ ಒಳಕ್ಕೆ ಗೂಡು ಮಾಡಿ ವೆಲ್ಡ್ ಮಾಡಬೇಕು. ಗೂಡು ಮಾಡುವವರು ಡಿಸ್ಟ್ರಿಬ್ಯೂಟರ್ ಇರುವಷ್ಟೇ ಜಾಗ ಬಿಡುತ್ತಾರೆ. ಕ್ಯಾಪ್ ತೆಗೆಯಲು ಕೈ ಎಲ್ಲಿ ತೂರಬೇಕು ಎನ್ನುವುದು ಹೊಳೆಯುವುದು ಫೈರ್‌ವಾಲಿಗೆ ಬಣ್ಣ ಬಳಿದ ಮೇಲೆ.

ಬಣ್ಣದ ವಿಷಯದಲ್ಲಿ ಆತುರ ಎಲ್ಲರಿಗೂ ಇದೆ. ಚಾಸಿಗೆ ಮಿರಿಮಿರಿ ಪೌಡರ್ ಕೋಟಿಂಗ್ ಮಾಡಿಸಿ ತಂದು, ಮಾರನೇ ದಿನ ಅದೇ ಚಾಸಿಯ ಮೇಲೆ ಗ್ರೈಂಡರ್ ಹಿಡಿದು ಕೂರುವ ದೃಶ್ಯ ಬಲು ಸಾಮಾನ್ಯ. ಹಾಟ್ ರಾಡನ್ನು ಎರಡು ಸಲ ಕಟ್ಟಬೇಕು. ಮೊದಲು ಬರೀ ಲೋಹದಲ್ಲಿ, ಬ್ರೇಕ್ ಪೈಪಿನ ಕ್ಲಿಪ್ಪಿನ ತನಕ ಎಲ್ಲ ಕೂರಿಸಿ, ತೂತು ಕೊರೆದು, ವೆಲ್ಡ್ ಮುಗಿಸಿ, ಮತ್ತೆ ಪೂರಾ ಬಿಚ್ಚಬೇಕು. ಬಣ್ಣ ಆಮೇಲೆ. ಇಡೀ ಎಂಜಿನ್ ಕಾಲು ಟನ್ನಿಗೂ ಮಿಕ್ಕಿ ತೂಗುವುದರಿಂದ ಈ ಪೂರ್ವಾಭ್ಯಾಸಕ್ಕೆ ಪಿಸ್ಟನ್ನಿಲ್ಲದ ಖಾಲಿ ಬ್ಲಾಕ್ ಸಾಕು. ಆದರೆ ಅದಕ್ಕೆ ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್, ಸೈಲೆನ್ಸರಿನ ಮ್ಯಾನಿಫೋಲ್ಡ್ ಮೂರನ್ನೂ ತೊಡಿಸಲೇಬೇಕು. ಬ್ಲಾಕ್ ಕೂತಲ್ಲೆಲ್ಲ ಮ್ಯಾನಿಫೋಲ್ಡ್ ಕೂರುವುದಿಲ್ಲ. ಎಡಗಡೆ ಸ್ಟಿಯರಿಂಗ್ ಬಾಕ್ಸ್ ಕಾದು ಕುಳಿತಿರುತ್ತದೆ.

ತುಕ್ಕು ಹಿಡಿದ ತಳ ಕತ್ತರಿಸುವ ಮೊದಲು ಬಾಡಿಯ ಒಳಗೆ ಬಾಗಿಲಿನ ಆಚೀಚೆಗೆ ಅಡ್ಡಲಾಗಿ ಪೈಪು ಕೊಟ್ಟು ಬಿಗಿಯಬೇಕು. ಮರೆತರೆ ಬಾಡಿ ಕುಗ್ಗಿ, ಬಾಗಿಲು ಹಾಕಿದ್ದು ತೆಗೆಯಲು ಬರುವುದಿಲ್ಲ, ತೆಗೆದದ್ದು ಹಾಕಲು ಬರುವುದಿಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರಿನದು, ಅಂದರೆ ಎಂಜಿನ್ನಿನ ತಿರುಗುಬಲವನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ದುಂಡನೆಯ ಡಬ್ಬಿಯದು, ಇನ್ನೊಂದು ಕಥೆ. ಅದನ್ನು ಒತ್ತುತ್ತಾ ತಿರುಗಿಸಿದರೆ ಮೂರು ಹಂತದಲ್ಲಿ ಒಳಗಿಳಿಯಬೇಕು. ಎರಡು ಸಲ ಇಳಿದಾಗಲೇ ಕೂತಿತು ಅಂದುಕೊಳ್ಳುವವರೇ ಜಾಸ್ತಿ. ಆಮೇಲೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸಣ್ಣ ಸಂದು ಉಳಿಯುತ್ತದೆ. "ಬೋಲ್ಟು ಬಿಗಿದರೆ ತಾನೇ ಎಳ್ಕೊಳ್ಳತ್ತೆ ಬಿಡಿ" ಎಂದು ಪಕ್ಕದಲ್ಲಿ ನಿಂತವರು ಹೇಳೇ ಹೇಳುತ್ತಾರೆ. ಎಳೆದುಕೊಳ್ಳುತ್ತದೆ, ಒಳಗಿನ ಪಂಪನ್ನು ಪುಡಿ ಮಾಡಿಕೊಂಡು. ಎರಡೂ ಕೈಯಿಂದ ಒತ್ತಿದಾಗಲೇ ಮುಖಕ್ಕೆ ಮುಖ ಕೂಡಬೇಕು, ಕೂಡಿದ ಮೇಲೂ ಕನ್ವರ್ಟರ್ ಸಲೀಸಾಗಿ ತಿರುಗಬೇಕು, ಎಂಜಿನ್ನಿನ ಹಿಂಬದಿಯ ಫ್ಲೆಕ್ಸ್ ಪ್ಲೇಟ್ ಎಂಬ ತಟ್ಟೆಗೂ ಅದಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದಿರಬೇಕು. ಇಲ್ಲದಿದ್ದರೆ ಪಾನಾ ಕೆಳಗಿಡಿ.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಬೀದಿಯವರೆಲ್ಲ ಸೇರುತ್ತಾರೆ, ಕೈಯಲ್ಲಿ ಫೋನು ಹಿಡಿದು. ಅವರು ಬರುವ ಮುನ್ನ ಗ್ಯಾರೇಜಿನ ಗ್ಯಾಸ್ ಬಾಯ್ಲರ್ ಆರಿಸಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಹೋಗಿ ಬಾಯ್ಲರಿನ ಕಿಡಿಯನ್ನು ಮಾತಾಡಿಸುತ್ತದೆ.

ಹೊಸ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ಉಬ್ಬುಗಳ ಸರಳು) ಉರುಳೆಯಿಲ್ಲದ ಹಳೇ ಮಾದರಿಯ ಫ್ಲ್ಯಾಟ್ ಟ್ಯಾಪೆಟ್ಟಿನದಾದರೆ ಎಂಜಿನ್ ಹತ್ತಿದ ಕ್ಷಣದಿಂದಲೇ 2000 ಆರ್‌ಪಿಎಂ ದಾಟಿಸಿ, ಇಪ್ಪತ್ತು ನಿಮಿಷ ಅಲ್ಲೇ ಓಡಿಸಬೇಕು. ಕ್ಯಾಮಿನ ಉಬ್ಬುಗಳಿಗೆ ಎಣ್ಣೆ ಬರುವುದು ಕ್ರ್ಯಾಂಕ್‌ಶಾಫ್ಟ್ ಎರಚಿದಷ್ಟೇ. ನಿಧಾನಕ್ಕೆ ತಿರುಗಿದರೆ ಎರಚಲು ಸಾಲದೆ ಉಬ್ಬು ಸವೆದು ಹೋಗುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವ ಮುನ್ನವೇ ಝಿಂಕ್ ಹೆಚ್ಚಿರುವ ಎಣ್ಣೆ ಹಾಕಿ, ಡಿಸ್ಟ್ರಿಬ್ಯೂಟರಿನ ತೂತಿನಲ್ಲಿ ಡ್ರಿಲ್ ಇಳಿಬಿಟ್ಟು ಎಣ್ಣೆ ಪಂಪನ್ನು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು, ಎಂಜಿನ್ನಿನ ತಲೆಯಲ್ಲಿ ವಾಲ್ವುಗಳನ್ನು ಒತ್ತುವ ರಾಕರುಗಳ ಮೇಲೆ ಎಣ್ಣೆ ಜಿನುಗುವ ತನಕ.

ಇಷ್ಟೆಲ್ಲ ಮಾಡಿ ಚಾವಿ ತಿರುಗಿಸಿದರೆ ಕಾರ್ಬುರೇಟರ್ ಬಾಯಿಂದ ಮೊಳದುದ್ದದ ಬೆಂಕಿ! ಕಾರಣ ಹತ್ತರಲ್ಲಿ ಒಂಬತ್ತು ಸಲ ಒಂದೇ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮು ಒಂದೇ ಸುತ್ತು. ಹಾಗಾಗಿ ಮುಂದಿನ ಪುಲ್ಲಿಯ ಗುರುತು ಸೊನ್ನೆಗೆ ಎರಡು ಸಲ ಬರುತ್ತದೆ, ಒಮ್ಮೆ ಕಂಪ್ರೆಷನ್ನಿನಲ್ಲಿ, ಒಮ್ಮೆ ಹೊಗೆ ಹೊರಹೋಗುವಾಗ. ಗುರುತೊಂದನ್ನೇ ನಂಬಿ ಡಿಸ್ಟ್ರಿಬ್ಯೂಟರ್ ಇಳಿಸಿದರೆ ಕಿಡಿ ಅರ್ಧ ಸುತ್ತು ತಪ್ಪಿ ಬೀಳುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಬೆರಳೊತ್ತಿ, ಇನ್ನೊಬ್ಬರಿಂದ ಎಂಜಿನ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳುವಾಗ ಬರುವ ಗುರುತೇ ಸರಿಯಾದದ್ದು. ಅಲ್ಲಿಂದ ವೈರುಗಳ ಸರದಿ 1-8-4-3-6-5-7-2. ಇದನ್ನು ಮಗ್ಗಿಯಂತೆ ಒಪ್ಪಿಸುವವರೂ ಸಾಮಾನ್ಯವಾಗಿ 5 ಮತ್ತು 7ನ್ನು ಅದಲುಬದಲು ಮಾಡುತ್ತಾರೆ. ಎರಡೂ ಅಕ್ಕಪಕ್ಕದ ಸಿಲಿಂಡರುಗಳಲ್ಲವೇ!

ಕೆಲವು ಕಾರು ಬೆಂಕಿಯನ್ನೂ ಉಗುಳದೆ ಬರೀ 'ಟಕ್' ಅನ್ನುತ್ತವೆ, ಅಷ್ಟರಲ್ಲಿ ಆಕ್ಸಿಲರೇಟರ್ ಕೇಬಲ್ಲಿನಿಂದ ಹೊಗೆ ಏಳುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ಅರ್ಥ್ ಚಾಸಿಗೆ ಸೇರಿದೆ, ಎಂಜಿನ್ ಮಾತ್ರ ರಬ್ಬರ್ ಮೌಂಟಿನ ಮೇಲೆ ಯಾರ ಹಂಗೂ ಇಲ್ಲದೆ ಕೂತಿದೆ. ಸ್ಟಾರ್ಟರಿನ ನೂರಾರು ಆಂಪಿಯರ್ ವಾಪಸ್ ಹೋಗಲು ದಾರಿ ಕಾಣದೆ ಸಿಕ್ಕ ಕೇಬಲ್ಲಿಗೇ ನುಗ್ಗುತ್ತದೆ. ಎಂಜಿನ್ನಿನಿಂದ ಚಾಸಿಗೆ ದಪ್ಪನೆಯ ಪಟ್ಟಿಯೊಂದು ಬೇಕು, ಅದು ಕೂರುವ ಜಾಗದ ಬಣ್ಣ ಕೆರೆದಿರಬೇಕು. ಆ ಹೊಳೆಯುವ ಪೌಡರ್ ಕೋಟಿಂಗಿನ ಮೇಲೆ ಕೂರಿಸಿದ ಅರ್ಥ್, ಅರ್ಥವಿಲ್ಲದ್ದು.

ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಬ್ರೇಕಿನ ಮಾಸ್ಟರ್ ಸಿಲಿಂಡರ್ ಈ ಕಾರುಗಳಲ್ಲಿ ಹೆಚ್ಚಾಗಿ ನೆಲದಡಿ, ಚಕ್ರದ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗಿಂತ ಕೆಳಗೆ ಇರುತ್ತದೆ. ಆಯಿಲ್ ಮೆಲ್ಲಗೆ ಹಿಂದಕ್ಕೆ ಹರಿದು ಪೆಡಲ್ ಮೊದಲ ಒತ್ತಿಗೆ ನೆಲಕ್ಕಿಳಿಯುತ್ತದೆ. ಡಿಸ್ಕಿನ ಲೈನಿಗೆ 2 ಪಿಎಸ್‌ಐ, ಡ್ರಮ್ಮಿನ ಲೈನಿಗೆ 10 ಪಿಎಸ್‌ಐ ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಹಾಕಿದರೆ ಸರಿಹೋಗುತ್ತದೆ. ಅದಲುಬದಲಾದರೆ ಡಿಸ್ಕಿರುವ ಮುಂದಿನ ಚಕ್ರ ಬ್ರೇಕ್ ಹಿಡಿದುಕೊಂಡೇ ಓಡುತ್ತದೆ.

ಇನ್ನು ಪೆಟ್ರೋಲ್ ಮುಳ್ಳು. ಹಳೇ ಫೋರ್ಡ್ ಮೀಟರಿನ ಲೆಕ್ಕದಲ್ಲಿ 73 ಓಮ್ ಎಂದರೆ ಟ್ಯಾಂಕ್ ಖಾಲಿ, 10 ಓಮ್ ಎಂದರೆ ಭರ್ತಿ. ಷೆವಿ ಬಳಗದ ಟ್ಯಾಂಕಿನ ಸೆಂಡರ್ (ಪೆಟ್ರೋಲ್ ಮಟ್ಟವನ್ನು ಮೀಟರಿಗೆ ತಿಳಿಸುವ ತೇಲು ಸಾಧನ) ಖಾಲಿಗೆ ಸೊನ್ನೆ, ಭರ್ತಿಗೆ 90 ಓಮ್ ಕಳಿಸುತ್ತದೆ. ಇವೆರಡನ್ನೂ ಜೋಡಿಸಿದರೆ ಟ್ಯಾಂಕ್ ತುಂಬಿಸಿದಾಗ ಮುಳ್ಳು ತಳ ಹಿಡಿಯುತ್ತದೆ, ಪೆಟ್ರೋಲ್ ಕರಗುತ್ತಾ ಬಂದಂತೆ ಹಿಗ್ಗಿ ಮೇಲೇರುತ್ತದೆ. ಸೆಂಡರನ್ನು ಟ್ಯಾಂಕಿಗೆ ಇಳಿಸುವ ಮೊದಲು ಅದರ ತೇಲನ್ನು ಮೇಲೆ ಕೆಳಗೆ ಆಡಿಸಿ ಮಲ್ಟಿಮೀಟರಿನಲ್ಲಿ ಓಮ್ ನೋಡಿಬಿಟ್ಟರೆ ಎರಡು ನಿಮಿಷದ ಕೆಲಸ. ನೋಡದವರ ಮೊದಲ ಸವಾರಿ, ಮುಳ್ಳು ಟ್ಯಾಂಕ್ ಭರ್ತಿ ಎಂದು ತೋರಿಸುತ್ತಿರುವಾಗಲೇ, ಎರಡು ಬೀದಿಯಾಚೆ ಮುಗಿಯುತ್ತದೆ. ಬೆಳಿಗ್ಗೆಯಿಂದ ಎಂಜಿನ್ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದ ಪಕ್ಕದ ಮನೆಯವರ ಹತ್ತಿರವೇ ಹೋಗಿ, ಹುಲ್ಲು ಕತ್ತರಿಸುವ ಮಷೀನಿಗೆಂದು ಅವರಿಟ್ಟುಕೊಂಡ ಪೆಟ್ರೋಲ್ ಕ್ಯಾನು ಕೇಳಬೇಕು.