ಹೊಂಡ ಸೋರಿದರೆ "ಕೆಮಿಕಲ್ ಹಚ್ಚಿ" ಅನ್ನುವ ಗುತ್ತಿಗೆದಾರರಿಗೆ

ಗೋವಾದಲ್ಲಿ ಆಮೆಗೆ ಒಂದು ಸಿಮೆಂಟ್ ಹೊಂಡ ಕಟ್ಟಿಕೊಡಿ ಎಂದರೆ ಬರುವ ಉತ್ತರ ಒಂದೇ: "ಚಿರೆಕಲ್ಲಿನ ಗ್ವಾಡಿ ಎಬ್ಬಸ್ತೀವಿ, ಗಿಲಾವು ಮಾಡ್ತೀವಿ, ಮ್ಯಾಲೆ ಕೆಮಿಕಲ್ ಹಚ್ಚಿದ್ರ ಮುಗೀತು." ಮುಗಿಯುವುದಿಲ್ಲ ರೀ! ಚಿರೆಕಲ್ಲು ಮೈತುಂಬ ತೂತಿರುವ ಕಲ್ಲು. ಕಂಪೌಂಡಿಗೆ ಬಹಳ ಚಲೋ, ನೀರು ಹಿಡಿಯಲು ಬಾರದು. ಅದರ ಮೇಲಿನ 12 ಎಂಎಂ ಗಿಲಾವು ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ, ಬಿರುಕಿನ ಜೊತೆಗೆ ಕೆಮಿಕಲ್ ಪದರವೂ ಸೀಳುತ್ತದೆ.

ವಾಸ್ಕೋ, ಮಡಗಾಂವ್ ಕಡೆ ಗೌಂಡಿ ಕೆಲಸ ಮಾಡುವವರಲ್ಲಿ ಬಾಗಲಕೋಟೆ, ವಿಜಯಪುರ, ಗದಗಿನ ನಮ್ಮವರು ಬಹಳ ಜನ. ಅವರ ಕೈ ಒಳ್ಳೆಯದು, ಅವರ ಮೇಲೆ ಸಿಟ್ಟಿಲ್ಲ. ತಾರಸಿಗೆ ಹಾಕುವ ರೇಟು ಹಾಕಿ, ತಾರಸಿಯ ಕೆಲಸವನ್ನೇ ಹೊಂಡದೊಳಗೆ ಮಾಡಿಸಿ ಹೋಗುವ ಗುತ್ತಿಗೆದಾರರ ಮೇಲೆ ಸಿಟ್ಟು.

ತಳ, ಗೋಡೆ ಎರಡೂ ಸರಳು ಹಾಕಿದ ಕಾಂಕ್ರೀಟೇ ಆಗಬೇಕು. 2 ಮೀಟರ್ ಉದ್ದ, 1.5 ಮೀಟರ್ ಅಗಲ, 60 ಸೆಂ.ಮೀ. ಆಳದ ಹೊಂಡಕ್ಕೆ 125 ಎಂಎಂ ದಪ್ಪ, 8 ಎಂಎಂ ಸರಳು 150 ಎಂಎಂಗೆ ಒಂದರಂತೆ ಎರಡೂ ದಿಕ್ಕಿಗೆ. 50 ಕೆಜಿ ಸಿಮೆಂಟ್ ಚೀಲಕ್ಕೆ ನೀರು 22 ಲೀಟರ್ ಸುತ್ತಮುತ್ತ, ಉಸುಕಿನಲ್ಲಿರುವ ಹಸಿಯೂ ಆ ಲೆಕ್ಕದಲ್ಲೇ. ಮಾಲು ಸಲೀಸಾಗಿ ಹರಿಯಲಿ ಎಂದು ಇನ್ನೆರಡು ಬಕೆಟ್ ಸುರಿಯುತ್ತಾರಲ್ಲ, ಆ ಹೆಚ್ಚಿನ ನೀರು ಆರಿಹೋಗಿ ಒಳಗೆ ಸಣ್ಣ ದಾರಿಗಳನ್ನು ಬಿಟ್ಟು ಹೋಗುತ್ತದೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಕ್ಯೂರಿಂಗ್, ಅಂದರೆ ನೀರುಣಿಸಿ ಹಸಿಯಾಗಿಡುವುದು, ಕಡಿಮೆಯೆಂದರೂ 10 ದಿನ. ಮೂರನೇ ದಿನಕ್ಕೇ ಗೋಣಿಚೀಲ ತೆಗೆದರೆ ಹೇಗೆ?

ಹೆಚ್ಚಿನ ಹೊಂಡಗಳು ಸೋರುವುದು ತಳ ಮತ್ತು ಗೋಡೆ ಸೇರುವಲ್ಲಿ. ಇವತ್ತು ತಳ ಹಾಕಿ, ನಾಲ್ಕು ದಿನ ಬಿಟ್ಟು ನುಣ್ಣಗಾದ ಅಂಚಿನ ಮೇಲೆಯೇ ಗೋಡೆ ಎಬ್ಬಿಸಿದರೆ ಅದು ಬೆಸುಗೆಯಲ್ಲ, ಒಂದರ ಮೇಲೊಂದು ಕೂತ ಎರಡು ತುಂಡು. ತಳದ ಜೊತೆಗೇ ಗೋಡೆಯ ಮೊದಲ 100 ಎಂಎಂ ಎಬ್ಬಿಸಬೇಕು, ಅದರ ತಲೆಯನ್ನು ಕೆತ್ತಿ ಒರಟು ಮಾಡಬೇಕು, ನೀರು ತಾಗಿದರೆ ಉಬ್ಬುವ ಪಟ್ಟಿಯನ್ನು ನಡುವೆ ಕೂರಿಸಬೇಕು. ಒಳಮೂಲೆಗೆ 50 ಎಂಎಂ ವಾಟಾ (ಮೂಲೆ ತುಂಬುವ ಓರೆ ಗಾರೆ) ಕೊಡಬೇಕು. ಇನ್ನು ಪೈಪು: ಪಿವಿಸಿಗೆ ಕಾಂಕ್ರೀಟ್ ಅಂಟುವುದಿಲ್ಲ. ಎರಕಕ್ಕೆ ಮೊದಲೇ ಫ್ಲ್ಯಾಂಜ್ (ಪೈಪಿನ ಸುತ್ತ ಚಾಚಿದ ಬಳೆ) ಸಮೇತ ಕೂರಿಸಿ. ಆಮೇಲೆ ಸುತ್ತಿಗೆಯಿಂದ ಒಡೆದು ತೂರಿಸಿದ ಪೈಪು ಎಂದಿಗೂ ಸೋರುವ ಪೈಪೇ.

ಇಷ್ಟಾದ ಮೇಲೆ ಲೇಪ. ಪುಡಿ ಒಂದು, ದ್ರವ ಒಂದು ಬರುವ ಪಾಲಿಮರ್ ಸಿಮೆಂಟ್ ಲೇಪ, ಕುಡಿಯುವ ನೀರಿನ ಟಾಕಿಗೆ ಆಗುವಂಥದ್ದು. ಗೋಡೆ ಹಸಿಯಾಗಿರಬೇಕು, ನೀರು ನಿಂತಿರಬಾರದು. ವಾಟಾದ ಮೇಲೆ ಫೈಬರ್ ಜಾಳಿಗೆ. ಮೊದಲ ಕೈ ಅಡ್ಡ, ಎರಡನೆಯದು ಉದ್ದ. ಮೇಲೆ ಹೇಳಿದ ಹೊಂಡದ ಒಳಮೈ 7.2 ಚದರ ಮೀಟರ್, ಎರಡು ಕೈಗೆ 11ರಿಂದ 15 ಕೆಜಿ ಬೇಕು. ಐದು ಕೆಜಿಯಲ್ಲಿ ಮುಗಿಸಿದೆವು ಎಂದರೆ ಮುಗಿದದ್ದು ಬಣ್ಣ ಬಳಿಯುವ ಕೆಲಸ.

ಹೊಟ್ಟೆ ಉರಿಯುವುದು ಇಲ್ಲಿ: ಡಾಂಬರು ಬಳಿಯುವವರಿದ್ದಾರೆ, ಬಚ್ಚಲಿಗೆ ಹಾಕುವ ಬೂಷ್ಟುನಿರೋಧಕ ಸಿಲಿಕೋನ್ ತುಂಬುವವರಿದ್ದಾರೆ. ಆ ಜೀವ ದಿನವಿಡೀ ಅದೇ ನೀರಿನಲ್ಲಿ ಇರುತ್ತದೆ, ಅದನ್ನೇ ಕುಡಿಯುತ್ತದೆ! "ಜಾರಬಾರದಲ್ರೀ" ಎಂದು ತಳವನ್ನೆಲ್ಲ ಒರಟು ಬಿಟ್ಟರೆ ಆಮೆಯ ಚಿಪ್ಪಿನ ಅಡಿಭಾಗ ತೇಯ್ದು, ಗಾಯಕ್ಕೆ ಸೋಂಕು ಹತ್ತಿ, ಚಿಪ್ಪು ಕೊಳೆಯುತ್ತದೆ. ತಳ ನುಣ್ಣಗಿರಲಿ. ಹಿಡಿತ ಬೇಕಾದದ್ದು ಹತ್ತುವ ಇಳಿಜಾರಿಗೆ ಮಾತ್ರ, ಅದೂ ದುಂಡನೆಯ ಹೊಳೆಗಲ್ಲನ್ನು ಅರ್ಧ ಹುಗಿದು, 30 ಡಿಗ್ರಿ ಮೀರದಂತೆ.

ಹೊಸ ಸಿಮೆಂಟಿನ ಸುಣ್ಣ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಸಮ) ಅನ್ನು 12ರವರೆಗೂ ಏರಿಸುತ್ತದೆ. ಕಣ್ಣು, ಚರ್ಮ ಎರಡೂ ಸುಡುತ್ತವೆ. ಲೇಪ ಹಚ್ಚಿ ಏಳು ದಿನ ಬಿಟ್ಟು ನೀರು ತುಂಬಿ, ಮೂರು ದಿನ ನಿಲ್ಲಿಸಿ, ಉಜ್ಜಿ ಚೆಲ್ಲಿ. ಹೀಗೆ ಮೂರು ನಾಲ್ಕು ಸಲ, ಪಿಎಚ್ 8.5ಕ್ಕಿಂತ ಕೆಳಗೆ ಬಂದು ಅಲ್ಲೇ ನಿಲ್ಲುವವರೆಗೆ. "ನಾಳೆನೇ ಬಿಡ್ರಿ" ಎನ್ನುವವರ ಮಾತು ಕೇಳಬೇಡಿ. (ಹೊಂಡಕ್ಕೆ ಬಿಡುವುದೂ ಕೆಂಪುಕಿವಿ ಆಮೆಯಂಥ ಹೊರದೇಶದ್ದನ್ನು ಮಾತ್ರ. ನಮ್ಮ ಹೊಳೆ, ಕೆರೆಯ ಆಮೆಗಳನ್ನು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಸಾಕಿದ್ದನ್ನು ಹೊಳೆಗೆ ಬಿಡಲೂಬೇಡಿ.)

ಜುಲೈನಲ್ಲಿ ಹೊಂಡ ಖಾಲಿ ಮಾಡಿಸಿ ರಿಪೇರಿಗೆ ಇಳಿಯುವವರಿಗೂ ಒಂದು ಮಾತು. ಆಗ ನೆಲವೆಲ್ಲ ನೀರು ಕುಡಿದಿರುತ್ತದೆ, ಆ ನೀರು ಹೊರಗಿನಿಂದ ಒತ್ತಿ ಹೊಸ ಲೇಪವನ್ನೇ ಎಬ್ಬಿಸುತ್ತದೆ. ಮಳೆ ಮುಗಿಯಲಿ.

ಇಷ್ಟಾದರೂ ನೀರು ಇಳಿದರೆ "ಬಿಸಿಲಿಗೆ ಆರ್‍ತೈತ್ರೀ" ಎನ್ನುತ್ತಾರೆ. ಒಂದು ಬಕೆಟ್‌ಗೆ ನೀರು ತುಂಬಿ ಹೊಂಡದೊಳಗೇ ಇಡಿ, ಬಕೆಟಿನ ಬಾಯಿ ನೀರಿನಿಂದ ಮೇಲಿರಲಿ. ಬಕೆಟಿನ ಒಳಗೊಂದು, ಹೊಂಡದ ಗೋಡೆಗೊಂದು ಗೆರೆ ಎಳೆಯಿರಿ. ಮಳೆಯಿಲ್ಲದ ಮೂರು ದಿನ ಬಿಟ್ಟು ನೋಡಿ. ಎರಡೂ ಸಮ ಇಳಿದಿದ್ದರೆ ಕೊನೆಯ ಕಂತು ಕೊಡಿ. ಹೊಂಡದ್ದೇ ಹೆಚ್ಚು ಇಳಿದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.