ಸರಿಗೆ ನೀರು ಬೆರೆಸುವ ಮುಂಚೆ ಒಂದು ಚಮಚ ಮೊಳಕೆ ಹಿಟ್ಟು

ಹೋದ ತಿಂಗಳು ತಂಗಿ ಮನೆಗೆ ಹೋಗಿದ್ದೆ. ಅವಳ ಮಗುವಿಗೆ ಎಂಟು ತಿಂಗಳು. ರಾಗಿ ಸರಿ, ಅಂದರೆ ಮಕ್ಕಳ ಗಂಜಿ, ಮಾಡಿದ್ದಳು, ಚಮಚ ನೆಟ್ಟರೆ ಹಾಗೇ ನಿಲ್ಲುವಷ್ಟು ಗಟ್ಟಿ. ಮಗು ಎರಡು ಸಲ ನಾಲಿಗೆಯಲ್ಲೇ ಹೊರಗೆ ತಳ್ಳಿತು. "ಗಂಟಲಿಗೆ ಅಂಟುತ್ತೆ ಕಣಮ್ಮ, ಬಿಸಿನೀರು ಹಾಕಿ ತೆಳ್ಳಗೆ ಮಾಡು" ಅಂದರು ಅವಳ ಅತ್ತೆ. ಇವಳು ಮುಕ್ಕಾಲು ಲೋಟ ನೀರು ಸುರಿದಳು, ಮಗು ಗಟಗಟ ಕುಡಿಯಿತು, ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಸಮಾಧಾನ ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗುವಿನ ಹೊಟ್ಟೆ ಎಷ್ಟು ಹಿಡಿಯುತ್ತದೆ ಹೇಳಿ? ಒಂದು ಕೆಜಿ ತೂಕಕ್ಕೆ ಸುಮಾರು 30 ಮಿಲಿ ಅನ್ನುವುದು ಲೆಕ್ಕ. 8 ಕೆಜಿ ಮಗು ಅಂದರೆ ಒಂದು ಹೊತ್ತಿಗೆ 240 ಮಿಲಿ, ಒಂದು ಲೋಟ ಅಷ್ಟೇ. ಅಷ್ಟರೊಳಗೆ ನೀರನ್ನೇ ತುಂಬಿದರೆ ಹಿಟ್ಟಿಗೆ ಜಾಗ ಎಲ್ಲಿ? ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ತೂಕ ಏರುತ್ತಿಲ್ಲ ಅಂತ ಆಮೇಲೆ ಚಿಂತೆ.

ನೀರು ಹಾಕದೆ ಸರಿ ತೆಳ್ಳಗಾಗುವ ದಾರಿ ಇದೆ. ಬೆಂದ ಸರಿಯನ್ನು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ, ಇನ್ನೂ ಚೆನ್ನಾಗಿ ಬಿಸಿ ಇರುವಾಗಲೇ ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಒಂದು ಟೀ ಚಮಚ ಹಾಕಿ ತಿರುವಿ. ನೋಡನೋಡುತ್ತಿದ್ದ ಹಾಗೇ ಅದು ಸಡಿಲ ಆಗುತ್ತದೆ, ಕೆಲವೇ ನಿಮಿಷದಲ್ಲಿ ಚಮಚದಿಂದ ಜಾರುತ್ತದೆ. ಒಂದು ಹನಿ ನೀರು ಸೇರಿಸಿಲ್ಲ, ಹಾಕಿದ ಹಿಟ್ಟೆಲ್ಲ ಬಟ್ಟಲಲ್ಲೇ ಇದೆ. ಆಮೇಲೆ ಮತ್ತೆ ಒಂದು ಕುದಿ ಬರಿಸಿ. ಮೊಳಕೆ ಕಟ್ಟುವಾಗ ತೇವದಲ್ಲಿ ಕ್ರಿಮಿ ಬೆಳೆಯುತ್ತವೆ, ಹಾಗಾಗಿ ಈ ಎರಡನೇ ಕುದಿ ಮರೆಯಬೇಡಿ.

ಈ ಕೆಲಸ ಮಾಡುವುದು ಆಲ್ಫಾ ಅಮೈಲೇಸ್ ಅನ್ನುವ ಕಿಣ್ವ (ಎನ್‌ಜೈಮ್). ಹಿಟ್ಟಿನ ಪಿಷ್ಟ ಅಂದರೆ ಸಕ್ಕರೆ ಕಣಗಳ ಉದ್ದನೆಯ ಸರಪಳಿ. ಬೇಯಿಸಿದಾಗ ಅದು ನೀರು ಹೀರಿ ಉಬ್ಬಿ ಗಟ್ಟಿಯಾಗುತ್ತದೆ. ಅಮೈಲೇಸ್ ಆ ಸರಪಳಿಯನ್ನು ನಡುನಡುವೆ ತುಂಡು ಮಾಡುತ್ತದೆ. ನಮ್ಮ ಎಂಜಲಲ್ಲೂ ಇದೇ ಇದೆ, ಚಪಾತಿ ಚೂರನ್ನು ಸುಮ್ನೆ ಬಾಯಲ್ಲಿಟ್ಟು ಒಂದು ನಿಮಿಷ ಅಗಿದರೆ ಸಿಹಿಯಾಗುವುದು ಇದರಿಂದಲೇ. ಎಳೆ ಮಕ್ಕಳ ಮೇದೋಜೀರಕ ಗ್ರಂಥಿಯಲ್ಲಿ ಮೊದಲ ಕೆಲವು ತಿಂಗಳು ಇದು ತುಂಬಾ ಕಮ್ಮಿ. ಆದರೆ ತಾಯಿಯ ಹಾಲಲ್ಲಿ ಇದು ಇರುತ್ತದೆ, ಎಂಥ ವ್ಯವಸ್ಥೆ ಅಲ್ವಾ!

ಇದು ನನ್ನ ಸ್ವಂತ ಸಂಶೋಧನೆ ಏನಲ್ಲ. 1833ರಲ್ಲಿ ಪಾಯೆನ್ ಮತ್ತು ಪರ್ಸೋ ಅನ್ನುವ ಇಬ್ಬರು ಫ್ರೆಂಚರು ಮೊಳಕೆ ಬಾರ್ಲಿಯಿಂದ ಈ ಕಿಣ್ವವನ್ನು ಬೇರ್ಪಡಿಸಿ ಡಯಾಸ್ಟೇಸ್ ಅಂತ ಹೆಸರಿಟ್ಟರು. ಕಿಣ್ವಗಳ ಹೆಸರಿನ ಕೊನೆಗೆ 'ಏಸ್' ಬಂದದ್ದೇ ಅಲ್ಲಿಂದ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರದ ಬಗ್ಗೆ ಬರೆದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ಮತ್ತು ಜೊತೆಗಾರರು, ಚೂರೇ ಚೂರು ಮೊಳಕೆ ಹಿಟ್ಟು ಗಟ್ಟಿ ಗಂಜಿಯನ್ನು ಸಡಿಲ ಮಾಡುತ್ತದೆ ಅಂತ 1986ರಲ್ಲಿ ತೋರಿಸಿದರು. ಇಷ್ಟು ವರ್ಷ ಆದರೂ ಇದು ತಾಯಂದಿರ ಕಿವಿಗೆ ಬಿದ್ದಿಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರು.

ಮನೆಯಲ್ಲಿ ಮಾಡುವುದು ಸುಲಭ. ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಆಗಾಗ ನೀರು ಚಿಮುಕಿಸುತ್ತಾ ಎರಡು ದಿನ ಬಿಡಿ. ಗಂಟು ಬಿಚ್ಚಿದರೆ ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡು ಇಡೀ ಗಂಟೇ ಒಂದು ಉಂಡೆ ಆಗಿರುತ್ತದೆ, ಒಳಗೆ ಕೈ ಇಟ್ಟರೆ ಬೆಚ್ಚಗೆ. ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಬೀಸಿ. ಹುರಿಯಲೇಬೇಕು ಅಂದರೆ ತೀರಾ ಸಣ್ಣ ಉರಿಯಲ್ಲಿ. ಘಮ ಬರಲಿ ಅಂತ ಕೆಂಪಗೆ ಹುರಿದರೆ ಕಿಣ್ವ ಸತ್ತೇ ಹೋಗುತ್ತದೆ. ಉತ್ತರ ಕರ್ನಾಟಕದವರಿಗೆ ಒಂದು ಮಾತು: ಇದಕ್ಕೆ ರಾಗಿಯೇ ಆಗಲಿ, ಜೋಳ ಬೇಡ. ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ.

ಮೊಳಕೆಯಲ್ಲೇ ಯಾಕೆ ಈ ಅಮೈಲೇಸ್ ಜಾಸ್ತಿ? ಕಾಳಿನ ಭ್ರೂಣಕ್ಕೆ ನೀರು ತಾಗಿದಾಗ ಅದು ಜಿಬ್ಬರೆಲಿನ್ ಅನ್ನುವ ಹಾರ್ಮೋನು ಕಳಿಸುತ್ತದೆ, ಸಿಪ್ಪೆಯ ಕೆಳಗಿನ ಪದರ ಅಮೈಲೇಸ್ ಸುರಿಸುತ್ತದೆ, ಕೂಡಿಟ್ಟ ಪಿಷ್ಟ ಕರಗಿ ಮರಿಗಿಡಕ್ಕೆ ಊಟ ಆಗುತ್ತದೆ. ಗಂಟಿನಲ್ಲಿ ನಮಗೆ ಬೇಕಾದ ಇದೇ ಕೆಲಸ ಹೊಲದಲ್ಲಿ ಆದರೆ ರೈತನ ಕಥೆ ಮುಗಿಯಿತು. 2021ರ ನವೆಂಬರ್ ಮಳೆ ನೆನಪಿದೆಯಾ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಯ್ಲಿಗೆ ಬಂದ ರಾಗಿ ತೆನೆ ಹೊಲದಲ್ಲೇ ಮೊಳೆಯಿತು. ಅಂಥ ಕಾಳಿಗೆ ಬೆಲೆ ಇಲ್ಲ, ಬಿತ್ತನೆಗೂ ಬರುವುದಿಲ್ಲ.

ಕಾರ್ಖಾನೆಯವರು ಬ್ಯಾಕ್ಟೀರಿಯಾದಿಂದ ತೆಗೆದ ಅಮೈಲೇಸ್ ಬಳಸುತ್ತಾರೆ, ಅದು 90 ಡಿಗ್ರಿ ದಾಟಿದರೂ ಕೆಲಸ ಮಾಡುತ್ತದೆ. ಮೆಕ್ಕೆಜೋಳದಿಂದ ಗ್ಲೂಕೋಸ್ ಪಾಕ, ಎಥನಾಲ್, ನೇಯ್ದ ಬಟ್ಟೆಯಿಂದ ಗಂಜಿ ಬಿಡಿಸುವುದು, ಎಲ್ಲದರಲ್ಲೂ ಇದೆ.

ಸಕ್ಕರೆ ಕಾಯಿಲೆ ಇರುವವರಿಗೂ ಒಂದು ಮಾತು. ಮೊಳಕೆ ಅಂದ ತಕ್ಷಣ ಎಷ್ಟಾದರೂ ಕುಡಿಯಬಹುದು ಅಂದುಕೊಳ್ಳಬೇಡಿ. ಅದು ಬಟ್ಟಲಲ್ಲೇ ಅರ್ಧ ಜೀರ್ಣ ಆಗಿರುವ ಗಂಜಿ. ಮಗುವಿಗೆ ಅದೇ ಬೇಕು, ನಿಮಗೆ ಬೇಡ.

ಇನ್ನು ಅಂಗಡಿಯ 'ರಾಗಿ ಮಾಲ್ಟ್'. ಮಾಲ್ಟ್ ಅಂದರೆ ಮೊಳಕೆ ಕಟ್ಟಿ ಒಣಗಿಸಿದ್ದು ಅಂತಲೇ ಅರ್ಥ. ಬರೀ ರಾಗಿ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಸೇರಿಸಿ ಆ ಹೆಸರಿಟ್ಟು ಮಾರುವುದು ತಪ್ಪು. ಪರೀಕ್ಷೆ ನಿಮ್ಮ ಅಡುಗೆಮನೆಯಲ್ಲೇ ಮಾಡಬಹುದು. ಗಟ್ಟಿ ಸರಿ ಕಾಯಿಸಿ, ಇಳಿಸಿ, ಪೊಟ್ಟಣದ ಹಿಟ್ಟು ಒಂದು ಚಮಚ ಹಾಕಿ ತಿರುವಿ, ಕಾಯಿರಿ. ತಂಗಿ ಮನೆಯಲ್ಲಿದ್ದ ಪೊಟ್ಟಣವನ್ನು ಅವತ್ತೇ ಹೀಗೆ ನೋಡಿದೆವು. ಹತ್ತು ನಿಮಿಷ ಕಾದರೂ ಚಮಚ ನಿಂತೇ ಇತ್ತು.