ಬಿಳಿಚಿದ ಮಗುವಿಗೆ ಕಬ್ಬಿಣದ ಟಾನಿಕ್ ಸಾಲದು

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಬೇಗ ನಾಶವಾಗುವ ಆನುವಂಶಿಕ ಸಿಕಲ್ ಸೆಲ್ ಕಾಯಿಲೆಯಿದ್ದ ಹುಡುಗನೊಬ್ಬ ಎರಡು ದಿನದ ಜ್ವರದ ಬಳಿಕ ಬಿಳಿಚಿಕೊಂಡು, ಏಳಲಾರದಷ್ಟು ನಿತ್ರಾಣನಾಗಿದ್ದಾಗ, 'ರಕ್ತ ಕಡಿಮೆಯಾಗಿದೆ' ಎಂದು ಕಬ್ಬಿಣದ ಟಾನಿಕ್ ಬರೆದುಕೊಟ್ಟು ಮನೆಗೆ ಕಳುಹಿಸಿದ್ದರು. ಮೂರನೆಯ ದಿನ ಅವನ ರಕ್ತ ನಮ್ಮ ಪ್ರಯೋಗಾಲಯಕ್ಕೆ ಬಂತು. ಮೂಳೆಯೊಳಗಿನ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕೆಂಪುಕಣಗಳಾದ ರೆಟಿಕ್ಯುಲೋಸೈಟ್‌ಗಳಿಗೆ ನೀಲಿ ಬಣ್ಣ ಕೊಟ್ಟರೆ ಒಳಗೆ ಸಣ್ಣ ಬಲೆಯಂತಹ ಎಳೆಗಳು ಕಾಣುತ್ತವೆ. ಸಿಕಲ್ ಸೆಲ್ ಮಕ್ಕಳಲ್ಲಿ ಇವು ಮಾಮೂಲಿಗಿಂತ ಹೆಚ್ಚೇ ಇರುತ್ತವೆ. ಅಂದು ಸ್ಲೈಡನ್ನು ಎಷ್ಟು ಸರಿಸಿದರೂ ಒಂದೂ ಸಿಗಲಿಲ್ಲ. ಕೆಂಪುಕಣ ತಯಾರಿಸುವ ಕೆಲಸವನ್ನೇ ಅಸ್ಥಿಮಜ್ಜೆ ನಿಲ್ಲಿಸಿಬಿಟ್ಟಿತ್ತು.

ಇದು ಪಾರ್ವೊವೈರಸ್ ಬಿ19ರ ಕೆಲಸ. 1975ರಲ್ಲಿ ಲಂಡನ್ನಿನಲ್ಲಿ ಇವೊನ್ ಕೊಸಾರ್ಟ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ಪರೀಕ್ಷೆಯ ವೇಳೆ ಆಕಸ್ಮಿಕವಾಗಿ ಇದನ್ನು ಕಂಡರು. ಆ ರಕ್ತದ ಮಾದರಿಯ ಗುರುತೇ ವೈರಾಣುವಿನ ಹೆಸರಾಯಿತು. ಅದು ಕೆಂಪುಕಣಗಳ ಮೂಲಕೋಶಗಳ ಮೇಲಿರುವ ಪಿ ಆಂಟಿಜೆನ್ ಎಂಬ ಅಣುವಿಗೆ ಅಂಟಿಕೊಂಡು ಒಳಹೊಕ್ಕು ಅವುಗಳನ್ನು ಕೊಲ್ಲುತ್ತದೆ. ಆರೋಗ್ಯವಂತ ಮಗುವಿನ ಕೆಂಪುಕಣ ಸುಮಾರು 120 ದಿನ ಬದುಕುವುದರಿಂದ ಒಂದು ವಾರ ತಯಾರಿಕೆ ನಿಂತರೂ ಗೊತ್ತಾಗುವುದಿಲ್ಲ, ಕೆನ್ನೆ ಕೆಂಪಾಗಿ ಜ್ವರ ಬಂದು ಹೋಗುತ್ತದೆ. ಸಿಕಲ್ ಸೆಲ್ ಮಗುವಿನ ಕಣಗಳ ಆಯುಷ್ಯ 10ರಿಂದ 20 ದಿನ ಮಾತ್ರ; ಅಲ್ಲಿ ಒಂದು ವಾರವೆಂದರೆ ಪ್ರಾಣಾಪಾಯ.

ಕಾಮಾಲೆ ವಾಸಿಯಾಗಿ ಎರಡು ಮೂರು ತಿಂಗಳಿಗೆ ಮಜ್ಜೆ ಬರಿದಾಗುವ, ಹೆಚ್ಚಾಗಿ ಎಳೆಯ ಹುಡುಗರನ್ನು ಕಾಡುವ ಹೆಪಟೈಟಿಸ್ (ಯಕೃತ್ತಿನ ಉರಿಯೂತ) ನಂತರದ ಅಪ್ಲಾಸ್ಟಿಕ್ ಅನೀಮಿಯಾ ಬೇರೆಯೇ ಕಾಯಿಲೆ. ಅಲ್ಲಿ ಮಜ್ಜೆಯ ಮೇಲೆ ದೇಹದ್ದೇ ರಕ್ಷಣಾ ಕಣಗಳಾದ ಟಿ ಕೋಶಗಳು ತಿರುಗಿಬೀಳುತ್ತವೆ. ಅವುಗಳನ್ನು ಹತ್ತಿಕ್ಕುವ ಎಟಿಜಿ, ಸೈಕ್ಲೋಸ್ಪೋರಿನ್‌ನಂಥ ಔಷಧಗಳು ಅಥವಾ ಮಜ್ಜೆ ಕಸಿ ಬೇಕಾಗುತ್ತದೆ. ಬಿ19ರಲ್ಲಿ ಹಾಗಲ್ಲ. ಸಕಾಲಕ್ಕೆ ರಕ್ತ ಕೊಟ್ಟು ಕಾದರೆ, ರೋಗನಿರೋಧಕ ಶಕ್ತಿ ಸರಿಯಿರುವ ಮಗುವಿನ ಮಜ್ಜೆ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. 'ಮಜ್ಜೆಯೇ ಹೋಯಿತಂತೆ' ಎಂದು ಕಂಗಾಲಾಗುವ ತಾಯಂದಿರಿಗೆ ಈ ಮಾತನ್ನು ಯಾರಾದರೂ ಪಕ್ಕದಲ್ಲಿ ಕುಳಿತು ಹೇಳಬೇಕು.

2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಡಿ ನಮ್ಮ ರಾಜ್ಯದ ಬುಡಕಟ್ಟು ಹಾಡಿಗಳಲ್ಲೂ ತಪಾಸಣೆ ನಡೆಯುತ್ತಿರುವುದು ದೊಡ್ಡ ಕೆಲಸ. ಆದರೆ ಕಾಯಿಲೆ ಗುರುತಿಸಿ ಕಾರ್ಡ್ ಕೊಟ್ಟ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಬಾರದು. ಆ ಕಾರ್ಡಿರುವ ಮಗು ಬಿಳಿಚಿಕೊಂಡು ಬಂದರೆ ಹಿಮೋಗ್ಲೋಬಿನ್ ಜೊತೆ ರೆಟಿಕ್ಯುಲೋಸೈಟ್ ಎಣಿಕೆಯನ್ನೂ ಅದೇ ದಿನ ಮಾಡಬೇಕು. ಅದಕ್ಕೆ ಬೇಕಾದದ್ದು ಒಂದಿಷ್ಟು ಬಣ್ಣ, ಒಂದು ಸೂಕ್ಷ್ಮದರ್ಶಕ, ತಾಳ್ಮೆ. ವೈರಾಣು ಮನೆಯೊಳಗೆ ಉಸಿರಿನಿಂದ ಹರಡುವುದರಿಂದ, ಅದೇ ಕಾಯಿಲೆಯಿರುವ ಒಡಹುಟ್ಟಿದವರ ರಕ್ತವನ್ನೂ ನೋಡಬೇಕು.

ಆ ಹುಡುಗನಿಗೆ ರಕ್ತ ಏರಿಸುತ್ತಿದ್ದಾಗ ಅವನ ತಂಗಿ ಮಂಚದ ಬದಿಯಲ್ಲೇ ಆಡಿಕೊಂಡಿದ್ದಳು. ಅವಳಿಗೂ ಸಿಕಲ್ ಸೆಲ್ ಇತ್ತು. ಅವಳನ್ನೂ ಪರೀಕ್ಷಿಸಿ ಎಂದು ನಾನೂ ಸೇರಿದಂತೆ ಯಾರೂ ಹೇಳಲಿಲ್ಲ. ಹತ್ತು ದಿನ ಕಳೆದು ಅವಳ ಸ್ಲೈಡ್ ನನ್ನ ಮೇಜಿಗೆ ಬಂತು.